ಕೈ ಬಂತೆಂದು ಮಾತ್ರೆ ಬಿಡಬೇಡಿ

ಲಕ್ವ ಹೊಡೆದವರ ಮನೆಯಲ್ಲಿ ಮೊದಮೊದಲು ಎಲ್ಲರ ಕಣ್ಣೂ ಕೈಕಾಲಿನ ಮೇಲೆಯೇ. ಎಣ್ಣೆ ತಿಕ್ಕುವುದೇನು, ನಾಟಿ ಔಷಧಿಗೆ ಊರೂರು ಅಲೆಯುವುದೇನು! ರೋಗಿ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕಿದೊಡನೆ ‘ಗುಣವಾಯಿತು’ ಎಂದು ರಕ್ತದೊತ್ತಡದ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಅಪಾಯ ಇರುವುದೇ ಇಲ್ಲಿ.

ಆ ಮಾತ್ರೆ ಕೈ ಎತ್ತಿಸುವುದಕ್ಕಲ್ಲ, ಎರಡನೆಯ ಆಘಾತ ತಡೆಯುವುದಕ್ಕೆ. ಒತ್ತಡ ಏರಿದ್ದು ಸಾಮಾನ್ಯವಾಗಿ ರೋಗಿಗೆ ತಿಳಿಯುವುದೇ ಇಲ್ಲ. ತಲೆಸುತ್ತು ಬರಲಿ ನೋಡೋಣ ಎನ್ನದೆ ಅಳೆಸಿಯೇ ನೋಡಬೇಕು. ಹೆಚ್ಚಿನವರಲ್ಲಿ ಅದು 130/80ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಉಪ್ಪು ದಿನಕ್ಕೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳವೂ ಇದೇ ಲೆಕ್ಕಕ್ಕೆ. ಬೀಡಿ, ಸಿಗರೇಟು ಪೂರ್ತಿ ಬಿಡಬೇಕು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟಿ ಬಂದ ಲಕ್ವಕ್ಕೆ. ಮೆದುಳಿನಲ್ಲಿ ರಕ್ತಸ್ರಾವವಾದವರಿಗೆ ಅದೇ ಕೇಡಾದೀತು. ಪಕ್ಕದ ಮನೆಯವರು ಹೇಳಿದರೆಂದು ಅಂಗಡಿಯಿಂದ ತಂದು ನುಂಗಿಸಬೇಡಿ.

ಮನೆಯವರಿಗೆ ಇನ್ನೊಂದು ಮಾತು. ಎಲ್ಲವನ್ನೂ ನೀವೇ ಮಾಡಿಕೊಡುವ ಅಕ್ಕರೆ ಸೋತ ಕೈಗೆ ಕೆಲಸ ತಪ್ಪಿಸುತ್ತದೆ. ಚೆಲ್ಲಿದರೆ ಚೆಲ್ಲಲಿ, ಲೋಟವನ್ನು ಅವರೇ ಎತ್ತಲಿ.

ಮತ್ತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಜೋತುಬಿದ್ದರೆ, ಐದೇ ನಿಮಿಷದಲ್ಲಿ ಸರಿಹೋದರೂ ಸಹ, ತಕ್ಷಣ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ 4.5 ಗಂಟೆಯೇ ಗಡುವು.