ಯಂತ್ರವಿಚಾರ: ತಿರುವಿನಲ್ಲಿ ಮಾತು ಕೇಳದ ಮೋಟಾರು

ವೇಗವಾಗಿ ಓಡುವ ಮೋಟಾರು ತಿರುವಿಗೆ ಬಂದಾಗ, ಚಾಲಕನು ಚುಕ್ಕಾಣಿಯನ್ನು ತಿರುಗಿಸಿದಷ್ಟು ತಾನು ತಿರುಗದೆ, ಮೂತಿಯನ್ನು ಹೊರಬದಿಗೆ ಚಾಚಿಕೊಂಡು ಹೋಗುವುದುಂಟು. ಇದಕ್ಕೆ ಅಂಡರ್‌ಸ್ಟಿಯರ್ ಎಂದು ಹೆಸರು. ಹಿಂಬದಿಯೇ ಹೊರಕ್ಕೆ ಬೀಸಿದರೆ ಅದು ಓವರ್‌ಸ್ಟಿಯರ್. 1930ರ ದಶಕದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿದ್ದ ಮಾರಿಸ್ ಓಲಿ ಎಂಬ ಇಂಜಿನಿಯರರು ಈ ಗುಣಗಳನ್ನು ಶಾಸ್ತ್ರೀಯವಾಗಿ ವಿವೇಚಿಸಿದವರಲ್ಲಿ ಪ್ರಮುಖರು.

ಇದರ ಕಾರಣವು ಟಯರುಗಳಲ್ಲಿದೆ. ತಿರುವಿನಲ್ಲಿ ಬಂಡಿಯ ಭಾರವು ಒಳಗಾಲಿಯಿಂದ ಹೊರಗಾಲಿಗೆ ಸರಿಯುತ್ತದೆ. ಆಗ ಹೊರಗಾಲಿಯು ಗಳಿಸುವ ಹಿಡಿತಕ್ಕಿಂತ ಒಳಗಾಲಿಯು ಕಳೆದುಕೊಳ್ಳುವ ಹಿಡಿತವೇ ಅಧಿಕ. ಮುಂದಿನ ಜೋಡಿಯಲ್ಲಿ ಈ ನಷ್ಟವು ಹಿಂದಿನದಕ್ಕಿಂತ ಹೆಚ್ಚಾದರೆ ಮೂತಿಯು ಮೊದಲು ಜಾರುವುದು.

ಪರಿಹಾರವನ್ನು ಸುಲಭವಾದುದರಿಂದಲೇ ಆರಂಭಿಸತಕ್ಕದ್ದು. ಮೊದಲು ಟಯರುಗಳು ಸವೆದಿಲ್ಲವೆಂದೂ, ಅವು ತಣ್ಣಗಿರುವಾಗ ಗಾಳಿಯು ತಯಾರಕರು ಹೇಳಿದಷ್ಟೇ ಇದೆಯೆಂದೂ ನೋಡಬೇಕು. ಅನಂತರ ಗಾಲಿಯ ವಾಲಿಕೆ. 1989ರಲ್ಲಿ ಹೊರಬಂದ ಮಾಜ್ದಾ ಎಂಎಕ್ಸ್-5 ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ವಿಶೇಷ ಬೋಲ್ಟುಗಳನ್ನು ತಿರುಗಿಸಿ ಇದನ್ನು ಬದಲಿಸಬಹುದು. ಬಂಡಿ ವಾಲಿದಾಗ ಹೊರಗಾಲಿಯೂ ಹೊರಕ್ಕೆ ಓರೆಯಾಗುವುದರಿಂದ, ಮುಂಗಾಲಿಗಳ ತಲೆಯನ್ನು ಮೊದಲೇ ಒಳಕ್ಕೆ ಸ್ವಲ್ಪ ಬಾಗಿಸಿಟ್ಟರೆ ತಿರುವಿನಲ್ಲಿ ಟಯರು ನೆಲಕ್ಕೆ ಸಮವಾಗಿ ಒತ್ತುವುದು. ಒಂದು ಡಿಗ್ರಿಯಷ್ಟರ ಬದಲಾವಣೆಯೂ ಚುಕ್ಕಾಣಿಯಲ್ಲಿ ತಿಳಿದುಬರುತ್ತದೆ. ಅತಿಯಾದರೆ ಟಯರಿನ ಒಳ ಅಂಚು ಬೇಗನೆ ಸವೆಯುವುದು. ಬಾಗನ್ನು ಬದಲಿಸಿದ ಮೇಲೆ ಗಾಲಿಗಳ ನೇರವನ್ನೂ ಮತ್ತೆ ಅಳೆದು ಸರಿಪಡಿಸದೆ ಇರಬಾರದು.

ಕೊನೆಯದು, ಎಡಬಲ ಗಾಲಿಗಳನ್ನು ಜೋಡಿಸಿ ಬಂಡಿಯ ವಾಲುವಿಕೆಯನ್ನು ತಡೆಯುವ ಉಕ್ಕಿನ ಸರಳು. ಮುಂದಿನ ಸರಳು ಮೆತ್ತಗಾದಷ್ಟು ಅಥವಾ ಹಿಂದಿನದು ಬಿರುಸಾದಷ್ಟು ಮೂತಿಯ ಹಿಡಿತವು ಹೆಚ್ಚುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟು, ನಿಧಾನವಾಗಿ ಪರೀಕ್ಷಿಸುವುದು ಲೇಸು.

ಆದರೆ ಈ ದೋಷವನ್ನು ಬೇರುಸಹಿತ ಕೀಳುವುದು ವಿವೇಕವಲ್ಲ. ತಯಾರಕರು ಅದನ್ನು ಬುದ್ಧಿಪೂರ್ವಕವಾಗಿಯೇ ಉಳಿಸಿರುತ್ತಾರೆ. ಮೂತಿ ಜಾರಿದಾಗ ಬೆದರಿದ ಮನುಷ್ಯನು ಸಹಜವಾಗಿ ವೇಗವನ್ನು ಇಳಿಸುತ್ತಾನೆ. ಬಹುಮಟ್ಟಿಗೆ ಅದರಿಂದಲೇ ಹಿಡಿತವು ಮರಳುವುದು. ಹಿಂಬದಿ ಬೀಸಿದಾಗಲಾದರೋ ಅದೇ ಬೆದರಿಕೆಯು ಬಂಡಿಯನ್ನು ಬುಗುರಿಯಂತೆ ತಿರುಗಿಸೀತು. ಅಮೆರಿಕದ ಷೆವ್ರೊಲೆ ಕೊರ್ವೇರ್ ಕಾರು ಇದಕ್ಕೆ ನಿದರ್ಶನ. ಹಿಂಬದಿಯಲ್ಲಿ ಯಂತ್ರವಿದ್ದ ಆ ಬಂಡಿಯ 1960ರ ಮಾದರಿಗೆ ಮುಂದಿನ ಸರಳು ಇರಲಿಲ್ಲ. ಮುಂದೆ 15, ಹಿಂದೆ 26 ಪೌಂಡು ಗಾಳಿಯ ಭೇದದ ಮೇಲೆಯೇ ಅದರ ಸಮತೋಲವು ನಿಂತಿತ್ತು. ಅರಿಯದವರು ನಾಲ್ಕಕ್ಕೂ ಸಮನಾಗಿ ಗಾಳಿ ತುಂಬಿದರೆ ಆ ಸಮತೋಲವು ಕೆಡುತ್ತಿತ್ತು. 1964ರ ಮಾದರಿಯಲ್ಲಿ ಆ ಸರಳನ್ನು ಎಲ್ಲ ಬಂಡಿಗಳಿಗೂ ಅಳವಡಿಸಲಾಯಿತು.

ಪಂದ್ಯದ ಮೈದಾನದಲ್ಲಿ ಸುತ್ತಿದ ಬಂಡಿಗೆ ಬಯಲು ಸಿಕ್ಕೀತು. ಹೆದ್ದಾರಿಯಲ್ಲಿ ಎದುರಿಗೆ ಸಿಕ್ಕುವುದು ಇನ್ನೊಬ್ಬರ ಸಂಸಾರ. ಆದಕಾರಣ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವವರು ಆ ಮೊಂಡುತನವನ್ನು ತಗ್ಗಿಸಲಿ, ತೀರ ತೆಗೆಯದಿರಲಿ. ತಿರುವಿಗೆ ಮುನ್ನವೇ ವೇಗವನ್ನು ಇಳಿಸುವ ಅಭ್ಯಾಸವಂತೂ ಯಾವ ಉಪಕರಣವನ್ನೂ ಬೇಡದ ಪರಿಹಾರವಾಗಿದೆ.