ಮನೆಯಂಗಳಕ್ಕೆ ಎಂಥ ಮರ?

ಹೊಸ ಮನೆ ಕಟ್ಟುವವರು ಟೈಲ್ಸಿನ ಬಣ್ಣ ಆರಿಸಲು ನಾಲ್ಕು ಅಂಗಡಿ ಸುತ್ತುತ್ತಾರೆ. ಬಾಗಿಲಿಗೆ ತೇಗವೋ ಹೊನ್ನೆಯೋ ಎಂದು ವಾರಗಟ್ಟಲೆ ಚರ್ಚಿಸುತ್ತಾರೆ. ಗೃಹಪ್ರವೇಶಕ್ಕೆ ಇನ್ನೆರಡು ದಿನ ಇದೆ ಎನ್ನುವಾಗ ನರ್ಸರಿಗೆ ಹೋಗಿ, ಕಣ್ಣಿಗೆ ಚೆಂದ ಕಂಡ ಎರಡು ಗಿಡಗಳನ್ನು ಹತ್ತೇ ನಿಮಿಷದಲ್ಲಿ ಆರಿಸಿ ಆಟೋದಲ್ಲಿ ಇಟ್ಟುಕೊಂಡು ಬರುತ್ತಾರೆ. ಟೈಲ್ಸು ಹಾಕಿದ ದಿನ ಎಷ್ಟಿತ್ತೋ ಹತ್ತು ವರ್ಷದ ನಂತರವೂ ಅಷ್ಟೇ ಇರುತ್ತದೆ. ಗಿಡ ಹಾಗಲ್ಲ. ಅಂದು ಮೊಣಕಾಲೆತ್ತರ ಇದ್ದದ್ದು ಹತ್ತು ವರ್ಷದಲ್ಲಿ ಮಹಡಿಯನ್ನು ಮುಟ್ಟುತ್ತದೆ, ಕಾಂಪೌಂಡು ಗೋಡೆಯನ್ನು ಒತ್ತುತ್ತದೆ, ವಿದ್ಯುತ್ ತಂತಿಗೆ ತಗಲುತ್ತದೆ. ಆಗ ಮನೆಯವರಿಗೆ ಕೊಡಲಿಯ ನೆನಪಾಗುತ್ತದೆ. ಎರಡನೇ ತರಗತಿಯಲ್ಲಿದ್ದಾಗ ಆ ಗಿಡಕ್ಕೆ ಚೊಂಬಿನಲ್ಲಿ ನೀರೆರೆದ ಹುಡುಗಿ ಪಿಯುಸಿಗೆ ಬರುವ ಹೊತ್ತಿಗೆ ಅದು ಸೌದೆಯಾಗಿರುತ್ತದೆ. ಇಲ್ಲಿ ತಪ್ಪು ಮರದ್ದಲ್ಲ, ಆಯ್ಕೆಯದು.

ಹಾಗಾದರೆ ಆಯ್ಕೆ ಮಾಡುವುದು ಹೇಗೆ? ಮೊದಲು ವರ್ಗೀಕರಣ ತಿಳಿದಿರಬೇಕು. ವಿದ್ಯಾರ್ಥಿಗಳು ಜೀವಶಾಸ್ತ್ರದ ಪಾಠದಲ್ಲಿ ಲಿನೇಯಸ್‌ನ ಹೆಸರು ಓದಿರುತ್ತೀರಿ. ಸ್ವೀಡನ್ನಿನ ಈ ವಿಜ್ಞಾನಿ 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರತಿ ಸಸ್ಯಕ್ಕೂ ಎರಡು ಪದಗಳ ಹೆಸರಿಡುವ ಪದ್ಧತಿ ನೆಲೆಯೂರಿತು. ಹೂವು, ಕಾಯಿಗಳ ರಚನೆಯನ್ನು ನೋಡಿ ಸಸ್ಯಗಳನ್ನು ಕುಟುಂಬಗಳಾಗಿ ವಿಂಗಡಿಸುವುದು ಸಸ್ಯಶಾಸ್ತ್ರದ ಕ್ರಮ. ಆದರೆ ಅಂಗಳಕ್ಕೆ ಮರ ಹುಡುಕುವವರಿಗೆ ಇದೊಂದೇ ಸಾಲದು. ಹೊಂಗೆ, ಹುಣಸೆ, ಕಕ್ಕೆ, ಗುಲ್‌ಮೊಹರ್, ಮಳೆಮರ, ರತ್ನಗಂಧಿ ಇವೆಲ್ಲ ಅವರೆ, ತೊಗರಿಗಳ ಕುಟುಂಬಕ್ಕೇ ಸೇರಿದವು. ರತ್ನಗಂಧಿ ಆಳೆತ್ತರವನ್ನು ತುಸು ಮೀರಿ ನಿಲ್ಲುವ ಪೊದೆ. ಮಳೆಮರ ಅರವತ್ತು ಅಡಿಗೂ ಹೆಚ್ಚು ಅಗಲಕ್ಕೆ ಕೊಡೆ ಬಿಚ್ಚುವ ದೈತ್ಯ. ಕುಟುಂಬ ಒಂದೇ ಎಂದು ಎರಡನ್ನೂ ಒಂದೇ ಅಂಗಳದಲ್ಲಿ ನೆಡಲಾದೀತೆ?

ಹಿರಿಯರ ವಿಂಗಡಣೆ

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ವರ್ಗೀಕರಣವಿತ್ತು. ಅದು ಪುಸ್ತಕದಲ್ಲಿ ಇರಲಿಲ್ಲ, ಊರಿನ ನಕ್ಷೆಯಲ್ಲೇ ಇತ್ತು. ಅರಳಿ ಮತ್ತು ಬೇವು ಊರ ಮುಂದಿನ ಕಟ್ಟೆಗೆ. ಆಲ ರಸ್ತೆಯ ಸಾಲಿಗೆ. ಪಾರಿಜಾತ, ನಂದಿಬಟ್ಟಲು ಅಂಗಳಕ್ಕೆ. ಮಾವು, ಹಲಸು, ನುಗ್ಗೆ, ಕರಿಬೇವು ಹಿತ್ತಲಿಗೆ. ಎಷ್ಟು ಜಾಗ ಬೇಕು, ಮನೆಗೆ ಎಷ್ಟು ಹತ್ತಿರ ಇರಬಹುದು, ಯಾರಿಗೆ ಉಪಯೋಗ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಅಡಗಿತ್ತು. ಸಾಲುಮರದ ತಿಮ್ಮಕ್ಕ ಹುಲಿಕಲ್–ಕುದೂರು ರಸ್ತೆಯ ಬದಿಯಲ್ಲಿ ಬೆಳೆಸಿದ್ದು ಆಲದ ಮರಗಳನ್ನು. ರಸ್ತೆಗೆ ಅದು ತಕ್ಕ ಆಯ್ಕೆ. ಬೆಂಗಳೂರಿನ ಸಮೀಪ ರಾಮೋಹಳ್ಳಿಯ ಬಳಿಯ ದೊಡ್ಡ ಆಲದ ಮರ ಸುಮಾರು 3 ಎಕರೆ ಹರಡಿದೆ. ಲೆಕ್ಕ ಹಾಕಿ ನೋಡಿ: 30x40 ಅಡಿಯ ನೂರಕ್ಕೂ ಹೆಚ್ಚು ಸೈಟುಗಳು ಅಷ್ಟು ಜಾಗದಲ್ಲಿ ಹಿಡಿಸುತ್ತವೆ!

ಹಳ್ಳಿಯ ಹಿತ್ತಲು ಈಗ ನಗರದಲ್ಲಿ ಇಲ್ಲ. 30x40 ಸೈಟಿನಲ್ಲಿ ಮನೆ ಎದ್ದ ಮೇಲೆ ಮುಂದೆ ಆರೆಂಟು ಅಡಿ, ಪಕ್ಕದಲ್ಲಿ ಮೂರಡಿ ಉಳಿದರೆ ಹೆಚ್ಚು. ಅದರಲ್ಲೇ ಸಂಪು, ಸ್ಕೂಟರು, ಚರಂಡಿ ಪೈಪು. ಆದ್ದರಿಂದ ಹಿರಿಯರ ವಿಂಗಡಣೆಯನ್ನು ಇಂದಿನ ಅಳತೆಗೆ ಹೊಂದಿಸಿಕೊಳ್ಳಬೇಕು. ಅದಕ್ಕೆ ನಾಲ್ಕು ಪ್ರಶ್ನೆಗಳು ಸಾಕು.

ನಾಲ್ಕು ಪ್ರಶ್ನೆಗಳು

ಮೊದಲನೆಯದು, ಬೆಳೆದ ಮರದ ಎತ್ತರ ಮತ್ತು ಹರವು ಎಷ್ಟು? ಇಪ್ಪತ್ತು-ಇಪ್ಪತ್ತೈದು ಅಡಿಯೊಳಗೆ ನಿಲ್ಲುವವು ಸಣ್ಣ ಮರಗಳು: ಪಾರಿಜಾತ, ದೇವಕಣಗಿಲೆ, ಸೀಬೆ, ನಿಂಬೆ, ದಾಳಿಂಬೆ, ಕರಿಬೇವು. ಅಲ್ಲಿಂದ ಐವತ್ತು ಅಡಿಯವರೆಗಿನವು ಮಧ್ಯಮ: ಹೊಂಗೆ, ಕಕ್ಕೆ, ಬಕುಲ, ಹೊಳೆದಾಸವಾಳ, ಬೆಟ್ಟದ ನೆಲ್ಲಿ. ಅದಕ್ಕೂ ಮೀರಿದವು ದೊಡ್ಡವು: ಬೀಜದಿಂದ ಬೆಳೆದ ಮಾವು, ಹಲಸು, ನೇರಳೆ, ಹುಣಸೆ, ಮಳೆಮರ, ಅರಳಿ. ನೆನಪಿಡಲು ಒಂದು ಸರಳ ಸೂತ್ರ: ಮರದ ಪೂರ್ಣ ಹರವಿನ ಅರ್ಧದಷ್ಟಾದರೂ ದೂರವನ್ನು ಗೋಡೆಯಿಂದ ಬಿಡಬೇಕು. ಹದಿನೈದು ಅಡಿ ಹರಡುವ ಮರಕ್ಕೆ ಏಳೂವರೆ ಅಡಿ. ಮೂವತ್ತು ಅಡಿ ಹರಡುವುದಕ್ಕೆ ಹದಿನೈದು ಅಡಿ. ನಿಮ್ಮಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಆ ಮರ ನಿಮ್ಮದಲ್ಲ ಎಂದೇ ತಿಳಿಯಿರಿ.

ಎರಡನೆಯದು, ಎಲೆ ಯಾವಾಗ ಉದುರುತ್ತದೆ? ವಿದೇಶಿ ಪುಸ್ತಕಗಳನ್ನು ನೋಡಿ ತೋಟ ಮಾಡುವವರು ಇಲ್ಲಿ ಎಡವುತ್ತಾರೆ. ಚಳಿದೇಶಗಳಲ್ಲಿ ಮನೆಯ ದಕ್ಷಿಣಕ್ಕೆ ಎಲೆ ಉದುರುವ ಮರ ನೆಡುವಂತೆ ಸಲಹೆ ಕೊಡುತ್ತಾರೆ. ಬೇಸಿಗೆಯಲ್ಲಿ ನೆರಳು ಸಿಗಲಿ, ಚಳಿಗಾಲದಲ್ಲಿ ಬಿಸಿಲು ಒಳಗೆ ಬರಲಿ ಎಂಬುದು ಅದರ ಉದ್ದೇಶ. ನಮ್ಮಲ್ಲಿ ಅನೇಕ ಮರಗಳು ಎಲೆ ಉದುರಿಸುವುದು ಒಣಹವೆಯ ತಿಂಗಳುಗಳಲ್ಲಿ, ಅಂದರೆ ನೆರಳು ಬೇಕೇಬೇಕು ಎನ್ನುವ ಹೊತ್ತಿಗೆ. ಗುಲ್‌ಮೊಹರ್ ಮಾರ್ಚಿನಲ್ಲಿ ಬಹುಮಟ್ಟಿಗೆ ಬೋಳಾಗಿರುತ್ತದೆ. ಹೊಂಗೆಯೂ ಎಲೆ ಉದುರಿಸುತ್ತದೆ. ಆದರೆ ಬೇಗನೆ ಚಿಗುರಿ, ಯುಗಾದಿಯ ಹೊತ್ತಿಗೆ ಹೊಸ ಎಲೆಯ ಚಪ್ಪರ ಹಾಕಿ ನಿಲ್ಲುತ್ತದೆ. ಹೊಂಗೆಯ ನೆರಳು ತಂಪು ಎಂದು ಜನ ಸುಮ್ಮನೆ ಹೇಳುವುದಿಲ್ಲ. ಬಕುಲ, ಮಾವು, ಹಲಸುಗಳು ವರ್ಷವಿಡೀ ಹಸಿರು.

ಮೂರನೆಯದು, ಬೇರು ಮತ್ತು ಕೊಂಬೆಗಳ ಸ್ವಭಾವ ಏನು? ಮರದ ಬೇರು ಕೊಂಬೆಗಳಷ್ಟೇ ಆಳಕ್ಕೆ ಇಳಿಯುತ್ತದೆ ಎಂಬ ನಂಬಿಕೆ ಸಾಮಾನ್ಯ. ವಾಸ್ತವದಲ್ಲಿ ಬಹುಪಾಲು ಬೇರುಗಳು ಮೇಲಿನ ಎರಡು-ಮೂರು ಅಡಿ ಮಣ್ಣಿನಲ್ಲೇ ಇದ್ದು, ಮರದ ಹರವನ್ನೂ ದಾಟಿ ಪಕ್ಕಕ್ಕೆ ಹಬ್ಬುತ್ತವೆ. ಗುಲ್‌ಮೊಹರ್ ಬೇರುಗಳು ನೆಲದ ಮೇಲೇ ಉಬ್ಬಿ ಕಾಣುತ್ತವೆ. ಅದರ ಕೊಂಬೆಯೂ, ಮಕ್ಕಳು ಮೊಗ್ಗು ಹಿಸುಕಿ ನೀರು ಚಿಮ್ಮಿಸುವ ನೀರುಕಾಯಿ ಮರದ ಕೊಂಬೆಯೂ ಪೆಡಸು. ಬೇಸಿಗೆ ಮಳೆಯ ಗಾಳಿಗೆ ಇವು ಮುರಿದು ಬೀಳುವುದನ್ನು ಬೆಂಗಳೂರಿನವರು ಪ್ರತಿ ವರ್ಷ ನೋಡುತ್ತಾರೆ. ಅರಳಿ, ಆಲ, ಅತ್ತಿಗಳಂತೂ ಗೋಡೆಯ ಬಿರುಕಿನಲ್ಲೇ ಬೇರೂರುವ ಜಾತಿಯವು. ಇವನ್ನು ಮನೆಯ ಪಕ್ಕ ನೆಡಬಾರದೆಂಬ ಅಜ್ಜಿಯ ಮಾತಿನಲ್ಲಿ ಎಂಜಿನಿಯರಿಂಗೂ ಇದೆ.

ನಾಲ್ಕನೆಯದು, ಮರ ಯಾವ ಕೆಲಸಕ್ಕೆ? ನೆರಳಿಗೋ, ಹೂವಿಗೋ, ಹಣ್ಣಿಗೋ, ರಸ್ತೆಯ ಧೂಳಿಗೆ ಮರೆಯಾಗಿಯೋ? ಒಂದೇ ಗಿಡ ನೆಡಲು ಜಾಗ ಇರುವವರು ಮನೆಯವರೆಲ್ಲ ಕುಳಿತು ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಹಣ್ಣು ಬೇಕು ಎನ್ನುವವರಿಗೆ ಸೀಬೆ ಅಥವಾ ಕಸಿ ಮಾವು ಆದೀತು. ಆಮ್ರಪಾಲಿಯಂಥ ಗಿಡ್ಡ ತಳಿಗಳು ಓಟೆಯಿಂದ ಬೆಳೆದ ಮಾವಿನಷ್ಟು ದೊಡ್ಡದಾಗುವುದಿಲ್ಲ. ತೆಂಗಿಗೆ ಬುಡದಲ್ಲಿ ಹೆಚ್ಚು ಜಾಗ ಬೇಡ, ನಿಜ. ಆದರೆ ಕಾಯಿ, ಗರಿ ಬೀಳುವ ಜಾಗದಲ್ಲಿ ಮಕ್ಕಳು ಆಡುತ್ತಾರೆಯೇ ನೋಡಿಕೊಳ್ಳಿ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಕಣಗಿಲೆ ಬೇಡ. ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ.

ದಿಕ್ಕು ನೋಡಿ ನೆಡಿ

ವಾಸ್ತುವಿನ ಮಾತಲ್ಲ, ಸೂರ್ಯನ ಮಾತು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ಆಗ ದಕ್ಷಿಣದ ಮರದ ನೆರಳು ಮನೆಗೆ ತಲುಪುವುದೇ ಇಲ್ಲ. ಮನೆಯನ್ನು ಕಾಯಿಸುವುದು ಮಧ್ಯಾಹ್ನ ಮೂರರ ನಂತರದ ಪಶ್ಚಿಮದ ಓರೆ ಬಿಸಿಲು. ಅದು ಗೋಡೆಗೆ ನೇರವಾಗಿ ಹೊಡೆಯುತ್ತದೆ, ಗೋಡೆ ಆ ಶಾಖವನ್ನು ರಾತ್ರಿಯವರೆಗೂ ಬಿಡುತ್ತಿರುತ್ತದೆ. ಆದ್ದರಿಂದ ಒಂದೇ ಮರ ನೆಡುವುದಾದರೆ ಪಶ್ಚಿಮಕ್ಕೆ ನೆಡಿ, ವರ್ಷವಿಡೀ ಎಲೆ ಇರುವುದನ್ನು ನೆಡಿ. ಪಶ್ಚಿಮದಲ್ಲಿ ಮೂರೇ ಅಡಿ ಇದ್ದರೆ ಮರದ ಆಸೆ ಬಿಟ್ಟು, ಗೋಡೆಗೆ ಬಳ್ಳಿಯ ಚಪ್ಪರ ಕಟ್ಟುವುದು ಲೇಸು. ಪೂರ್ವದ ಎಳೆ ಬಿಸಿಲನ್ನು ಮುಚ್ಚುವ ದಟ್ಟ ಮರ ಬೇಡ. ಅಲ್ಲಿ ಪಾರಿಜಾತ ಸಾಕು. ತಂತಿಯ ಕೆಳಗೆ ಸಣ್ಣ ಮರವೇ ಇರಲಿ. ದೊಡ್ಡದನ್ನು ನೆಟ್ಟರೆ ವಿದ್ಯುತ್ ಸಿಬ್ಬಂದಿ ವರ್ಷ ವರ್ಷ ಒಂದೇ ಕಡೆ ಕಡಿದು, ಮರ ಇನ್ನೊಂದು ಕಡೆಗೆ ವಾಲುತ್ತದೆ. ಗಾಳಿಮಳೆಗೆ ಮೊದಲು ಉರುಳುವುದು ಅಂಥ ಮರಗಳೇ.

ಹೆಸರಿನ ಮೋಸ

ನರ್ಸರಿಯಲ್ಲಿ ಅಶೋಕ ಎಂದು ಕೇಳಿದರೆ ಕಂಬದಂತೆ ನೆಟ್ಟಗೆ ಬೆಳೆದು ಎಲೆಗಳನ್ನು ಕೆಳಗೆ ಇಳಿಬಿಡುವ ಗಿಡವನ್ನು ಕೊಡುತ್ತಾರೆ. ಅದು ಸೀತಾಫಲದ ಕುಟುಂಬದ್ದು. ಸೀತೆ ಕುಳಿತ ವನದ ಅಶೋಕ, ಕಿತ್ತಳೆ-ಕೆಂಪು ಹೂಗೊಂಚಲಿನ ಸರಾಕ ಅಶೋಕ, ಬೇರೆಯೇ ಮರ. ಮೊದಲನೆಯದು ಕಿರಿದಾದ ಜಾಗದಲ್ಲಿ ಮರೆಗೆ ಅನುಕೂಲ, ನೆರಳಿಗೆ ನಿಷ್ಪ್ರಯೋಜಕ. ಎರಡನೆಯದು ನಿಧಾನವಾಗಿ ಬೆಳೆದು ತಂಪಾದ ನೆರಳು ಕೊಡುತ್ತದೆ. ಲಿನೇಯಸ್‌ನ ಪದ್ಧತಿ ಮನೆಯ ತೋಟದಲ್ಲಿ ಉಪಯೋಗಕ್ಕೆ ಬರುವುದು ಇಂಥಲ್ಲಿ. ಸಸ್ಯಶಾಸ್ತ್ರೀಯ ಹೆಸರನ್ನು ಬರೆದುಕೊಂಡು ಹೋದರೆ ಬೇರೆ ಗಿಡ ಕೈಗೆ ಬರುವುದಿಲ್ಲ.

1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತಜ್ಞ ಜಿ.ಎಚ್. ಕ್ರುಂಬಿಗಲ್ ಮರಗಳನ್ನು ಹೂಬಿಡುವ ತಿಂಗಳಿಗೆ ಅನುಗುಣವಾಗಿ ವಿಂಗಡಿಸಿಕೊಂಡಿದ್ದರು. ಒಂದು ಜಾತಿಯ ಹೂವು ಮುಗಿಯುವಾಗ ಇನ್ನೊಂದು ಅರಳಬೇಕು ಎಂಬುದು ಅವರ ಯೋಜನೆ. ಬೆಂಗಳೂರಿನ ಬೀದಿಗಳಲ್ಲಿ ತಿಂಗಳಿಗೊಂದು ಬಣ್ಣ ಕಾಣುವುದಕ್ಕೆ ಇದೂ ಕಾರಣ. ಆದರೆ ಅವರ ಮರಗಳು ಅಗಲವಾದ ರಸ್ತೆಗಳಿಗೆ, ಉದ್ಯಾನಗಳಿಗೆ ಆರಿಸಿದವು. ಅವರ ಕ್ರಮವನ್ನು ಅನುಸರಿಸಿ, ಮರವನ್ನು ಹಾಗೆಯೇ ಅಂಗಳಕ್ಕೆ ತರಬೇಡಿ.

ವಿದ್ಯಾರ್ಥಿಗಳಿಗೊಂದು ಕೆಲಸ

ಈ ರಜೆಯಲ್ಲಿ ನಿಮ್ಮ ಬೀದಿಯ ಇಪ್ಪತ್ತು ಮರಗಳ ಪಟ್ಟಿ ಮಾಡಿ. ಹೆಸರು, ಎತ್ತರ, ಹರವು, ಎಲೆ ಉದುರುವ ತಿಂಗಳು, ಹೂಬಿಡುವ ತಿಂಗಳು, ಬೇರಿನ ಸ್ಥಿತಿ ಎಂದು ಆರು ಕಾಲಂ ಹಾಕಿ. ತಿಂಗಳುಗಳ ಕಾಲಂ ತುಂಬಲು ಒಂದು ವರ್ಷ ಹಿಡಿದೀತು, ಅವಸರ ಬೇಡ. ಎತ್ತರ ಅಳೆಯಲು ಮರ ಹತ್ತಬೇಕಾಗಿಲ್ಲ. ಮೂರಡಿ ಕೋಲನ್ನು ನೆಟ್ಟಗೆ ನಿಲ್ಲಿಸಿ. ಅದರ ನೆರಳು ಎರಡಡಿ, ಅದೇ ಹೊತ್ತಿಗೆ ಮರದ ನೆರಳು ಇಪ್ಪತ್ತಡಿ ಇದ್ದರೆ ಮರದ ಎತ್ತರ ಮೂವತ್ತಡಿ. ಗಣಿತದ ಸಮರೂಪ ತ್ರಿಭುಜಗಳು ಇಲ್ಲಿ ಬೀದಿಗೆ ಇಳಿದಿರುತ್ತವೆ. ಹರವನ್ನು ಹೆಜ್ಜೆ ಹಾಕಿಯೇ ಅಳೆಯಬಹುದು. ನಿಮ್ಮ ಮನೆಗೆ ಯಾವ ಮರ ಹೊಂದುತ್ತದೆ ಎಂಬುದನ್ನು ನರ್ಸರಿಯವರಿಗಿಂತ ಚೆನ್ನಾಗಿ ಆ ಪಟ್ಟಿಯೇ ಹೇಳುತ್ತದೆ.

ತಂದೆ-ತಾಯಿಯರಿಗೂ ಒಂದು ಮಾತು. ಸ್ವಂತ ಅಂಗಳದ ಮರವಾದರೂ ಕಡಿಯಲು, ಕೆಲವು ಜಾತಿಗಳನ್ನು ಬಿಟ್ಟರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ನೆಟ್ಟು ಆಮೇಲೆ ಕಡಿಸುವ ತಾಪತ್ರಯಕ್ಕಿಂತ ಯೋಚಿಸಿ ನೆಡುವುದು ಸುಲಭ. ಮಳೆ ಹಿಡಿಯುವ ಜೂನ್-ಜುಲೈ ನೆಡಲು ಸಕಾಲ. ಚೀಲದೊಳಗೆ ಬೇರು ಸುರುಳಿ ಸುತ್ತಿಕೊಂಡಿರುವ ಗಿಡ ಎಷ್ಟೇ ಎತ್ತರವಿದ್ದರೂ ಕೊಳ್ಳಬೇಡಿ. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಕೋಲಿನ ಆಸರೆ ಕೊಡಿ, ಮೊದಲ ಎರಡು-ಮೂರು ಬೇಸಿಗೆ ನೀರು ತಪ್ಪಿಸಬೇಡಿ. ಬುಡದ ಸುತ್ತ ಮೂರ್ನಾಲ್ಕು ಅಡಿ ಮಣ್ಣು ಬಿಟ್ಟು ನಂತರವೇ ಕಾಂಕ್ರೀಟು ಹಾಕಿಸಿ. ಕುತ್ತಿಗೆಯವರೆಗೆ ಸಿಮೆಂಟು ಬಿಗಿದರೆ ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ.

ಎಲೆ ಉದುರಿ ಕಸವಾಗುತ್ತದೆ ಎಂಬ ದೂರು ಮನೆಯಲ್ಲೂ ಪಕ್ಕದ ಮನೆಯಲ್ಲೂ ಬಂದೇ ಬರುತ್ತದೆ. ಗುಡಿಸುವವರ ಕಷ್ಟ ಸುಳ್ಳಲ್ಲ. ಆದ್ದರಿಂದ ಗಿಡ ನೆಡುವ ದಿನವೇ ಅಂಗಳದ ಮೂಲೆಯಲ್ಲಿ ಒಂದು ಗೊಬ್ಬರದ ಗುಂಡಿಯನ್ನೋ, ಜಾಗವಿಲ್ಲದಿದ್ದರೆ ತೂತು ಕೊರೆದ ಹಳೆಯ ಡ್ರಮ್ಮನ್ನೋ ಇಟ್ಟುಬಿಡಿ. ಪಕ್ಕದ ಮನೆಯವರನ್ನೂ ಕರೆದು, ಯಾವ ಮರ, ಎಷ್ಟು ಬೆಳೆಯುತ್ತದೆ ಎಂದು ಮೊದಲೇ ಹೇಳಿ. ನೆರಳು ಅವರ ಅಂಗಳಕ್ಕೂ ಬೀಳುತ್ತದೆಯಲ್ಲವೆ?