ಸರಾಸರಿ ಮಳೆಯೊಂದನ್ನೇ ನಂಬಬಹುದೆ?



ನಮ್ಮ ಕಾಫಿ ತೋಟಗಳಲ್ಲಿ ಮಳೆ ಲೆಕ್ಕ ಬರೆದಿಡುವ ಪದ್ಧತಿ ಹಳೆಯದು. ಹೂಮಳೆ ಎಷ್ಟು ಸೆಂಟ್ಸ್ ಬಿತ್ತು, ಬ್ಯಾಕಿಂಗ್ ಮಳೆ ಎಂದು ಬಂತು ಎಂಬುದೆಲ್ಲ ರಿಜಿಸ್ಟರಿನಲ್ಲಿರುತ್ತದೆ. ಆದರೆ ನಾಲ್ಕು ಜನ ಸೇರಿದಾಗ ನಾವು ಹೇಳುವುದು ಸರಾಸರಿಯನ್ನು ಮಾತ್ರ. ಅದು ಸಾಲದೆಂಬುದು ನನ್ನ ಅಭಿಪ್ರಾಯ.

ಸರಾಸರಿಯೊಂದೇ ತಿಳಿದಿರುವಾಗ ಉಳಿದುದನ್ನು ಊಹಿಸುವುದು ಹೇಗೆ? ಅಮೆರಿಕದ ಭೌತವಿಜ್ಞಾನಿ ಇ. ಟಿ. ಜೇನ್ಸ್ 1957ರಲ್ಲಿ ಇದಕ್ಕೊಂದು ದಾರಿ ತೋರಿದರು. ಅನಿಶ್ಚಿತತೆಯನ್ನು ಅಳೆಯಲು ಕ್ಲಾಡ್ ಶ್ಯಾನನ್ 1948ರಲ್ಲಿ ಕೊಟ್ಟ ‘ಎಂಟ್ರೊಪಿ’ ಎಂಬ ಅಳತೆಯೇ ಅದಕ್ಕೆ ಆಧಾರ. ತಿಳಿದ ಅಂಕಿಗೆ ಹೊಂದುವ ಸಂಭವನೀಯತೆಯ ಹಂಚಿಕೆಗಳಲ್ಲಿ ಎಂಟ್ರೊಪಿ ಅತಿ ಹೆಚ್ಚಾಗಿರುವುದನ್ನು ಆರಿಸಬೇಕು. ಅಂದರೆ, ತಿಳಿದದ್ದನ್ನು ಬಿಡಬಾರದು, ತಿಳಿಯದ್ದನ್ನು ಸೇರಿಸಬಾರದು.

ಮಳೆ ಬಂದ ದಿನದ ಸರಾಸರಿ 20 ಮಿ.ಮೀ., ಅಂದರೆ ಸುಮಾರು 80 ಸೆಂಟ್ಸ್ ಎಂದಷ್ಟೇ ಗೊತ್ತಿದೆ ಎನ್ನೋಣ. ಪ್ರತಿ ಮಳೆದಿನವೂ 20ರ ಆಸುಪಾಸು ಎಂದುಕೊಂಡರೆ ನಮ್ಮಲ್ಲಿಲ್ಲದ ಮಾಹಿತಿಯನ್ನು ಸೇರಿಸಿದಂತಾಯಿತು. ಜೇನ್ಸರ ಕ್ರಮದಂತೆ ಲೆಕ್ಕ ಹಾಕಿದರೆ 100 ಮಳೆದಿನಗಳಲ್ಲಿ ಸುಮಾರು 39 ದಿನ 10 ಮಿ.ಮೀ.ಗಿಂತ ಕಡಿಮೆ, ಸುಮಾರು 14 ದಿನ 40 ಮಿ.ಮೀ.ಗಿಂತ ಹೆಚ್ಚು ಮಳೆ ನಿರೀಕ್ಷಿಸಬೇಕಾಗುತ್ತದೆ. ಸರಾಸರಿಯನ್ನು ನಂಬಿ ಕುಳಿತವನಿಗೆ ಈ 14 ದಿನಗಳ ಸುಳಿವೇ ಇರುವುದಿಲ್ಲ.

ಆದರೆ ಈ ಕ್ರಮಕ್ಕೂ ಮಿತಿಯಿದೆ. ಅಡಿಕೆಗೆ ಕೊಳೆರೋಗ ತರುವುದು ಎಡೆಬಿಡದೆ ಹಿಡಿಯುವ ಮಳೆ. ಮಳೆ ಎಷ್ಟು ದಿನ ಹಿಡಿಯಿತು ಎಂಬುದನ್ನು ಸರಾಸರಿಯಿಂದ ಹೊರಡಿಸಲಾಗದು; ದಿನದಿನದ ರಿಜಿಸ್ಟರೇ ಹೇಳಬೇಕು. ಮಾಹಿತಿ ಹೆಚ್ಚಿದಂತೆ ಊಹೆ ಬಿಗಿಯಾಗುತ್ತದೆ.

ಇದರಲ್ಲಿ ಹಣದ ಪ್ರಶ್ನೆಯೂ ಇದೆ. 2016ರಲ್ಲಿ ಪುನರ್ರಚಿತವಾದ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟದ ಹಾನಿಯನ್ನಲ್ಲ, ಮಳೆಮಾಪಕದಂಥ ಹವಾಮಾನದ ಅಂಕಿಗಳನ್ನು ನೋಡಿ ಪರಿಹಾರ ನಿರ್ಧರಿಸುತ್ತಾರೆ. ಮಾಪಕದ ಅಂಕಿಗೂ ನಮ್ಮ ತೋಟದ ಮಳೆಗೂ ಅಂತರವಿದ್ದರೆ, ಕೇಳಲು ನಮ್ಮ ಕೈಯಲ್ಲಿ ದಾಖಲೆ ಬೇಡವೆ?

ಅನುಭವ ಸಾಲದೆ ಎಂದು ಹಿರಿಯರು ಕೇಳಬಹುದು. ಅನುಭವವೂ ಮಾಹಿತಿಯೇ, ಬರೆದಿಟ್ಟರೆ ಮಾತ್ರ ಅದು ನಾಲ್ವರ ಲೆಕ್ಕಕ್ಕೆ ಬರುತ್ತದೆ.

ಆದ್ದರಿಂದ ಸಂಘವು ಸದಸ್ಯರ ಮಳೆ ರಿಜಿಸ್ಟರುಗಳ ಪ್ರತಿ ಸಂಗ್ರಹಿಸಬೇಕು. ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಅವನ್ನು ಕಂಪ್ಯೂಟರಿಗೆ ಏರಿಸಿಕೊಡಲಿ. ಅಲ್ಲಿಯವರೆಗೆ, ಹಳೆಯ ರಿಜಿಸ್ಟರುಗಳನ್ನು ದಯವಿಟ್ಟು ಯಾರೂ ರದ್ದಿಗೆ ಹಾಕಬಾರದಾಗಿ ವಿನಂತಿ.